ಆಹಾರದಾನಕ್ಕೆ ಸಮುದ್ರದ ಗಡಿಯುಂಟೆ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನದ ಮಹಿಮೆಯನ್ನು ನಮ್ಮ ಬಸದಿಗಳ ಪ್ರವಚನಗಳಲ್ಲಿ ಬಾಲ್ಯದಿಂದಲೂ ಕೇಳಿದ್ದೇವೆ. ಆದರೆ ಪೂರ್ವ ಆಫ್ರಿಕದಲ್ಲಿ ಎಚ್‌ಐವಿ ಪೀಡಿತರಿಗೆ ಪೌಷ್ಟಿಕ ಆಹಾರ ಒದಗಿಸುವ ಸ್ಥಳೀಯ ಸಂಘಗಳಲ್ಲಿ ನಮ್ಮ ಯುವಜನರು ಸೇವೆ ಸಲ್ಲಿಸಲಿ, ಅದರ ವೆಚ್ಚವನ್ನು ಬಸದಿ ಟ್ರಸ್ಟುಗಳು ಹೊರಲಿ ಎಂದೊಡನೆ ಸಭೆಯಲ್ಲಿ ಮೂರು ಆಕ್ಷೇಪಗಳು ಏಳುತ್ತವೆ. ಮೂರೂ ಧರ್ಮದ ಭಾಷೆಯಲ್ಲಿವೆ, ಮೂರರಲ್ಲಿಯೂ ಧರ್ಮವಿಲ್ಲ.

ಮೊದಲನೆಯದು, "ಅದು ಅವರವರ ಕರ್ಮಫಲ" ಎಂಬುದು. ನಮ್ಮ ಮಧುಮೇಹ, ಹೃದ್ರೋಗಗಳೂ ಅಸಾತಾವೇದನೀಯ ಕರ್ಮದ ಉದಯವೇ ಅಲ್ಲವೆ? ಆಗ ವೈದ್ಯರ ಬಳಿಗೆ ಧಾವಿಸುವ ನಾವು ಪರರ ರೋಗಕ್ಕೆ ಮಾತ್ರ ಸಿದ್ಧಾಂತವನ್ನು ಉಪದೇಶಿಸುವುದು ಯಾವ ನ್ಯಾಯ? ಕರ್ಮಸಿದ್ಧಾಂತವು ನಮ್ಮ ಮುಖ ನೋಡಿಕೊಳ್ಳಲು ಕೊಟ್ಟ ಕನ್ನಡಿ. ಪರರ ಮೇಲೆ ತೀರ್ಪು ಬರೆಯುವ ಲೇಖನಿಯಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಆಚಾರ್ಯ ಸಮಂತಭದ್ರರು ಅದಕ್ಕೆ ಉದ್ದಾಯನ ಮಹಾರಾಜನನ್ನು ನಿದರ್ಶನವಾಗಿ ಹೆಸರಿಸುತ್ತಾರೆ. ರೋಗಿಯಾದ ಮುನಿಯು ವಾಂತಿ ಮಾಡಿದಾಗಲೂ ಹೇಸದೆ ಉಪಚರಿಸಿದವನು ಆ ಅರಸ. "ಅಲ್ಲಿ ಇದ್ದವರು ಮುನಿಗಳು" ಎಂದು ವಾದಿಸುವವರುಂಟು. ಮುನಿಯ ಮುಂದೆ ಮಾತ್ರ ಹೇಸದವನು ಹೇಸಿಕೆಯನ್ನು ಗೆದ್ದವನಲ್ಲ, ಅಡಗಿಸಿಕೊಂಡವನು.

ಎರಡನೆಯದು, "ಅವರು ಮಾಂಸಾಹಾರಿಗಳು, ಅಪಾತ್ರರು" ಎಂಬುದು. ಆದಿಪುರಾಣದಲ್ಲಿ ಜಿನಸೇನಾಚಾರ್ಯರು ದಯಾದತ್ತಿಯನ್ನು ಪಾತ್ರದತ್ತಿಯಿಂದ ಬೇರೆಯಾಗಿಯೇ ಹೇಳಿದ್ದಾರೆ. ದಯಾದತ್ತಿಗೆ ಎದುರಿನ ಜೀವದ ಭಯ ಮತ್ತು ದುಃಖವೇ ಸಾಕಾದ ಅರ್ಹತೆ. ಇನ್ನು ಊಟದ ವಿಚಾರ. ಕೀನ್ಯಾದ ಮನೆಮನೆಯ ಗಿತೇರಿ ಎಂಬುದು ಮೆಕ್ಕೆಜೋಳ ಮತ್ತು ಕಾಳು ಕೂಡಿ ಬೇಯಿಸಿದ ಅಡುಗೆ. ಅಲ್ಲಿನ ಊಜಿ ಎಂಬ ಗಂಜಿಯನ್ನು ರಾಗಿಯಿಂದಲೂ ಕಾಯಿಸುತ್ತಾರೆ. ರಾಗಿಯ ತವರೇ ಪೂರ್ವ ಆಫ್ರಿಕದ ಎತ್ತರದ ನಾಡು. ಕನ್ನಡ ನಾಡು ಆ ಋಣವನ್ನು ದಿನವೂ ಮುದ್ದೆಯಾಗಿ ಉಣ್ಣುತ್ತಿದೆ.

ಮೂರನೆಯದು, "ಮೊದಲು ನಮ್ಮವರು" ಎಂಬುದು. ಒಪ್ಪೋಣ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳೂ ಈ ರೋಗದ ಹೊರೆ ಹೊತ್ತಿವೆ. ಈ ಮಾತನ್ನಾಡುವವರಲ್ಲಿ ಎಷ್ಟು ಮಂದಿ ಅಲ್ಲಿನ ಒಂದು ಮನೆಯ ಬಾಗಿಲು ತಟ್ಟಿದ್ದಾರೆ? ಇಲ್ಲಿ ಮಾಡುವವನು ಅಲ್ಲಿಯೂ ಮಾಡಿಯಾನು. ಎಲ್ಲಿಯೂ ಮಾಡದವನಿಗೆ ಮಾತ್ರ ದೂರವೊಂದು ನೆಪ. ನೈರೋಬಿ, ಮೊಂಬಾಸಾಗಳಲ್ಲಿ ಜೈನರು ಒಂದು ಶತಮಾನಕ್ಕೂ ಮಿಕ್ಕಿ ವ್ಯಾಪಾರ ಮಾಡಿ ಬಾಳಿದ್ದಾರೆ, ಜಿನಾಲಯಗಳನ್ನು ಕಟ್ಟಿದ್ದಾರೆ. ಆ ನೆಲ ನಮಗೆ ಪರಕೀಯವಲ್ಲ.

ಅಗತ್ಯವೇನೆಂಬುದನ್ನೂ ಅರಿಯಬೇಕು. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 8 ಲಕ್ಷ ಜನ ಎಚ್‌ಐವಿಯೊಡನೆ ಬದುಕುತ್ತಿದ್ದರು. ಆ ವರ್ಷ ಸುಮಾರು 6 ಲಕ್ಷ 30 ಸಾವಿರ ಜನ ಏಡ್ಸ್ ಸಂಬಂಧಿ ಕಾಯಿಲೆಗಳಿಂದ ಮಡಿದರು. ಮಾತ್ರೆಯನ್ನು ಪ್ರತಿದಿನ, ಜೀವನಪೂರ್ತಿ ನುಂಗಬೇಕು. ಹಾಗೆ ನುಂಗಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡದು. ಆದರೆ ಹಸಿದ ಹೊಟ್ಟೆಗೆ ಮಾತ್ರೆ ಸಹಿಸದು. ಹಸಿವು ಚಿಕಿತ್ಸೆಯನ್ನೇ ತಪ್ಪಿಸುತ್ತದೆ. ರೋಗಲಕ್ಷಣಗಳುಳ್ಳ ವಯಸ್ಕನಿಗೆ ಶೇಕಡಾ 20ರಿಂದ 30ರಷ್ಟು ಹೆಚ್ಚು ಆಹಾರಶಕ್ತಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 2001ರಲ್ಲಿ ಕೀನ್ಯಾದ ಎಲ್ಡೊರೆಟ್‌ನಲ್ಲಿ ಆರಂಭವಾದ ಆಂಪಾತ್ ಯೋಜನೆಯ ವೈದ್ಯರು ಇದನ್ನು ಕಂಡೇ ರೋಗಿಗಳಿಗಾಗಿ ಹೊಲಗಳನ್ನು ಸಾಗುವಳಿ ಮಾಡಿಸಿದರು. ಆಹಾರದಾನ ಮತ್ತು ಔಷಧದಾನ ಅಲ್ಲಿ ಬೇರೆ ಬೇರೆಯಲ್ಲ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಹಠಾತ್ತನೆ ತಡೆಹಿಡಿದಾಗ, ದೂರದ ಸರ್ಕಾರವೊಂದನ್ನೇ ನೆಚ್ಚಿದ ಜೀವ ಎಷ್ಟು ಅಭದ್ರವೆಂಬುದು ಜಗತ್ತಿಗೆ ತಿಳಿಯಿತು.

ಹಾಗೆಂದು ಎರಡು ವಾರ ಹೋಗಿ, ಬಡ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ಛಾಯಾಚಿತ್ರ ತೆಗೆಸಿಕೊಂಡು ಮರಳುವುದು ಸೇವೆಯಲ್ಲ. ಅದು ಮಾನಕಷಾಯದ ಯಾತ್ರೆ. ಹೋಗುವವರು ಕನಿಷ್ಠ ಆರು ತಿಂಗಳು ಇರಲಿ, ಸ್ವಾಹಿಲಿಯ ನಾಲ್ಕು ಮಾತು ಕಲಿಯಲಿ, ಅಲ್ಲಿನ ಸಂಘಗಳನ್ನು ನಡೆಸುವ ಮಹಿಳೆಯರ ಮಾತು ಕೇಳಿ ದುಡಿಯಲಿ. ಲೆಕ್ಕ ಬಲ್ಲವರು ಲೆಕ್ಕ ಬರೆಯಲಿ, ಉಳಿದವರು ಮೂಟೆ ಹೊರಲಿ. ರೋಗಿಯ ಹೆಸರು ಹೊರಗೆ ಬಾರದಿರಲಿ. ಗುಟ್ಟು ಕಾಯುವುದೂ ಅಭಯದಾನವೇ. ಟ್ರಸ್ಟುಗಳು ಒಮ್ಮೆ ಕೊಟ್ಟು ಕೈತೊಳೆಯದೆ ಮೂರು ವರ್ಷಕ್ಕೆ ಮಾತು ಕೊಡಲಿ. ಏಕೆಂದರೆ ನಡುವೆ ನಿಂತ ಅನ್ನ ರೋಗಿಗೆ ನಡುವೆ ನಿಂತ ಔಷಧವಿದ್ದಂತೆ.

ಪಂಚಕಲ್ಯಾಣ ನಡೆಯಲಿ, ಕಲಶಗಳ ಹರಾಜೂ ನಡೆಯಲಿ. ಆ ಹಣದ ಹತ್ತರಲ್ಲೊಂದು ಪಾಲು ದಯಾದತ್ತಿಗೆಂದು ಈ ವರ್ಷದ ಆಯವ್ಯಯದಲ್ಲಿಯೇ ಬರೆದಿಡಿ ಎಂದು ಟ್ರಸ್ಟಿಗಳನ್ನು ಕೇಳುವ ಹಕ್ಕು ಪ್ರತಿಯೊಬ್ಬ ಶ್ರಾವಕನಿಗೂ ಶ್ರಾವಿಕೆಗೂ ಇದೆ. ಮುಂದಿನ ಸಭೆಯಲ್ಲಿ ಅದನ್ನು ಕೇಳಿರಿ.