ಜಾಮೀನು ವಸೂಲಿಯ ದಾರಿಯಲ್ಲ

ದಾಂಪತ್ಯ ಕಲಹದ ಮೊಕದ್ದಮೆಗಳಲ್ಲಿ ನಿರೀಕ್ಷಣಾ ಜಾಮೀನು ಕೇಳುವವರಿಗೆ ಕೆಲವೊಮ್ಮೆ ‘ಇಷ್ಟು ಲಕ್ಷ ಠೇವಣಿ ಇಡಿ’ ಎಂಬ ಷರತ್ತು ಬೀಳುತ್ತದೆ. ಟೆಂಡರಿಗೆ ಠೇವಣಿ ಸರಿ, ಮನುಷ್ಯನ ಸ್ವಾತಂತ್ರ್ಯಕ್ಕೆ ಸಲ್ಲದು. ಉಳ್ಳವನು ಕಟ್ಟಿ ಹೊರಗಿರುತ್ತಾನೆ. ಇಲ್ಲದವನ ತಂದೆತಾಯಿ ಹೊಲ ಅಡವಿಡುತ್ತಾರೆ. ಆರೋಪಿ ತನಿಖೆಗೆ ಸಿಗಬೇಕು, ಸಾಕ್ಷಿ ಕೆಡಿಸಬಾರದು. ಜಾಮೀನಿನ ಷರತ್ತು ಇರುವುದು ಅಷ್ಟಕ್ಕೇ. ತಿಂಗಳಿಗೆ 12,500 ರೂಪಾಯಿ ಜೀವನಾಂಶ ಕೊಡಬೇಕೆಂಬ ಇಂಥದೇ ಒಂದು ಷರತ್ತನ್ನು 2009ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು.

ಹಾಗೆಂದು ಹೆಣ್ಣುಮಗಳು ಬರಿಗೈಯಲ್ಲಿ ಕೂರಬೇಕೆ? ಖಂಡಿತ ಇಲ್ಲ. ಜೀವನಾಂಶಕ್ಕೆ ಬೇರೆ ಕಲಮು ಇದೆ. ಅರ್ಜಿ ಹಾಕಿದ ದಿನದಿಂದಲೇ ಅದು ಸಲ್ಲಬೇಕೆಂದು 2020ರಲ್ಲಿ ಅದೇ ಕೋರ್ಟ್ ಹೇಳಿದೆ. ಆ ದಾರಿ ನಿಧಾನವಾದುದರಿಂದಲೇ ಠೇವಣಿಯ ಅಡ್ಡದಾರಿ ಹುಟ್ಟಿತೆಂದು ನನ್ನ ಅನಿಸಿಕೆ. ಸರಿಪಡಿಸಬೇಕಾದದ್ದು ಆ ನಿಧಾನವನ್ನು.

ನಮ್ಮ ಮಠಗಳೂ ಒಂದು ಕೆಲಸ ಮಾಡಬಹುದು. ಮದುವೆಯ ಉಡುಗೊರೆಗಳ ಪಟ್ಟಿಗೆ ವಧೂವರರ ಸಹಿ ಇರಬೇಕೆಂದು 1985ರ ನಿಯಮವೇ ಹೇಳುತ್ತದೆ. ಮಠದಲ್ಲಿ ನಡೆಯುವ ಪ್ರತಿ ಕಲ್ಯಾಣದಲ್ಲೂ ಆ ಪಟ್ಟಿ ಬರೆಸಲಿ. ವರದಕ್ಷಿಣೆ ಕೇಳಿದ ಮನೆಗೆ ಕಲ್ಯಾಣಮಂಟಪ ಕೊಡದಿರಲಿ. ಬಸವಣ್ಣನವರ ಹೆಸರು ಹೇಳುವ ನಮ್ಮಿಂದ ಅಷ್ಟೂ ಆಗದಿದ್ದರೆ, ಕೋರ್ಟನ್ನು ದೂರಿ ಫಲವೇನು?