ಅಜ್ಜನ ಮಾತು ಮೊಮ್ಮಗನಿಗೆ ಬಾರದಿದ್ದಾಗ

ಅಮೆರಿಕದ ನವಾಹೋ ಜನರಲ್ಲಿ ಒಂದು ಸೊಗಸಾದ ಪದ್ಧತಿ ಇದೆ. ಕೂಸು ಮೊದಲ ಸಲ ಗಟ್ಟಿಯಾಗಿ ನಕ್ಕ ದಿನ ಮನೆಯಲ್ಲಿ ಸಂಭ್ರಮ. ನಗಿಸಿದವರೇ ಊಟ ಹಾಕಿಸಬೇಕು. ಬಂದವರಿಗೆಲ್ಲ ಕೂಸಿನ ಕೈಯಿಂದ ಉಪ್ಪು ಕೊಡಿಸುತ್ತಾರೆ. ಕೊಡುವ ಗುಣ ಅಲ್ಲಿಂದಲೇ ಬರಲಿ ಎಂದು!

ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ರಾಜ್ಯಗಳಲ್ಲಿ ಹರಡಿರುವ ಇವರ ನಾಡಿನ ವಿಸ್ತಾರ ಸುಮಾರು 70 ಸಾವಿರ ಚದರ ಕಿಲೋಮೀಟರ್. ತಮ್ಮನ್ನು ಅವರು ‘ದಿನೆ’, ಅಂದರೆ ‘ಜನ’ ಎಂದು ಕರೆದುಕೊಳ್ಳುತ್ತಾರೆ. ಸ್ವಂತ ಅಧ್ಯಕ್ಷ, ಶಾಸನಸಭೆ, ನ್ಯಾಯಾಲಯಗಳಿವೆ. ರಾಜಧಾನಿ ವಿಂಡೋ ರಾಕ್. ಇಬ್ಬರು ಭೇಟಿಯಾದರೆ ಮೊದಲು ಕುಲ ಹೇಳಿಕೊಳ್ಳುತ್ತಾರೆ. ತಾಯಿಯ ಕುಲ ಮೊದಲು, ತಂದೆಯದು ಆಮೇಲೆ. ನಮ್ಮ ಗೋತ್ರದ ಲೆಕ್ಕ ಅಲ್ಲಿ ತಿರುಗುಮುರುಗು.

ಮಗುವಿನ ನಗುವಿಗೇ ಹಬ್ಬ ಮಾಡುವ ಈ ಜನರ ಮಕ್ಕಳು ಶಾಲೆಗೆ ಹೋದಾಗ ಏನಾಯಿತು? 1868ರ ಒಪ್ಪಂದದಲ್ಲೇ 6ರಿಂದ 16 ವರ್ಷದವರನ್ನು ಶಾಲೆಗೆ ಕಳಿಸಬೇಕೆಂಬ ಷರತ್ತಿತ್ತು. ಮುಂದೆ ಬಂದ ವಸತಿ ಶಾಲೆಗಳಲ್ಲಿ ಮಕ್ಕಳ ಕೂದಲು ಕತ್ತರಿಸಿದರು. ಮನೆಮಾತು ಆಡಿದವರ ಬಾಯಿಗೆ ಸೋಪು ತಿಕ್ಕಿದರು.

ವಿಚಿತ್ರ ನೋಡಿ, 1942ರಲ್ಲಿ ಜಪಾನಿನೊಡನೆ ಯುದ್ಧ ನಡೆದಾಗ ಅಮೆರಿಕದ ಸೇನೆಗೆ ಅದೇ ಮಾತು ಬೇಕಾಯಿತು. 29 ಮಂದಿ ನವಾಹೋ ಯುವಕರು ಸೇರಿ ಗುಪ್ತಸಂಕೇತ ಕಟ್ಟಿದರು. ಟ್ಯಾಂಕಿಗೆ ‘ಆಮೆ’, ಜಲಾಂತರ್ಗಾಮಿಗೆ ‘ಕಬ್ಬಿಣದ ಮೀನು’, ಬಾಂಬಿಗೆ ‘ಮೊಟ್ಟೆ’. ಜಪಾನೀಯರಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. 1968ರವರೆಗೆ ಸಂಕೇತವನ್ನು ಗುಟ್ಟಾಗಿಯೇ ಇಟ್ಟರು. ಆ 29 ಮಂದಿಗೆ ಚಿನ್ನದ ಪದಕ ದೊರೆತದ್ದು 2001ರಲ್ಲಿ. ಅಷ್ಟರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು.

ಆದರೆ ಸೋಪಿನ ರುಚಿ ಕಂಡವರು ಮರೆತಾರೆಯೇ? ‘ನಮ್ಮ ಪಾಡು ಮಕ್ಕಳಿಗೆ ಬೇಡ’ ಎಂದು ಎಷ್ಟೋ ತಂದೆತಾಯಂದಿರು ಮನೆಯಲ್ಲೂ ಇಂಗ್ಲಿಷ್ ಆಡತೊಡಗಿದರು. ಅದರ ಫಲ 2014ರಲ್ಲಿ ಎಲ್ಲರೆದುರು ಬಂತು. ಅಧ್ಯಕ್ಷ ಚುನಾವಣೆಯಲ್ಲಿ ಕ್ರಿಸ್ ಡೆಶೀನ್ ಎಂಬ ವಕೀಲರು ಕೊನೆಯ ಸುತ್ತಿಗೆ ಬಂದಿದ್ದರು. ಅಧ್ಯಕ್ಷನಾಗುವವನಿಗೆ ನವಾಹೋ ಭಾಷೆ ಸರಾಗವಾಗಿ ಬರಬೇಕೆಂಬುದು ಅಲ್ಲಿನ ಕಾನೂನು. ಡೆಶೀನ್ ಭಾಷಾ ಪರೀಕ್ಷೆಗೆ ಒಪ್ಪಲಿಲ್ಲ, ಅನರ್ಹರಾದರು. ಅವರ ಅಜ್ಜ ಯುದ್ಧದಲ್ಲಿ ಅದೇ ಭಾಷೆಯ ಸಂಕೇತ ಸಾರಿದ ಸೈನಿಕ!

ಜನ ಎರಡು ಪಾಲಾದರು. ‘ಮಾತು ಬಾರದವನು ನಮ್ಮ ಹಿರಿಯರ ಕಷ್ಟವನ್ನು ಹೇಗೆ ಕೇಳಿಯಾನು?’ ಎಂದು ಒಂದು ಪಾಲು. ‘ಕಲಿಸದೆ ಇದ್ದವರು ನಾವು, ಶಿಕ್ಷೆ ಮಾತ್ರ ಅವನಿಗೋ?’ ಎಂದು ಇನ್ನೊಂದು ಪಾಲು. ಕೊನೆಗೆ 2015ರಲ್ಲಿ ಮತದಾನ ನಡೆದು, ಅಭ್ಯರ್ಥಿಗೆ ಭಾಷೆ ಸಾಕಷ್ಟು ಬರುತ್ತದೆಯೇ ಎಂಬುದನ್ನು ಮತದಾರರೇ ತೀರ್ಮಾನಿಸಲಿ ಎಂದಾಯಿತು.

ಕಾನೂನಿನ ತೊಡಕು ಬಿಡಿಸಿದ್ದಾಯಿತು, ಭಾಷೆಯದು ಉಳಿಯಿತು. ಅದಕ್ಕೂ ಕೈಕಟ್ಟಿ ಕುಳಿತವರಲ್ಲ ಅವರು. 1966ರಲ್ಲೇ ರಫ್ ರಾಕ್ ಎಂಬಲ್ಲಿ ಊರವರೇ ನಡೆಸುವ ಶಾಲೆ ತೆರೆದು ನವಾಹೋ ಕಲಿಸಿದರು. 1968ರಲ್ಲಿ ತಮ್ಮದೇ ಕಾಲೇಜು ಕಟ್ಟಿದರು. 2013ರಲ್ಲಿ ‘ಸ್ಟಾರ್ ವಾರ್ಸ್’ ಚಿತ್ರಕ್ಕೆ ನವಾಹೋ ದನಿ ಕೊಟ್ಟರು. ವಸತಿ ಶಾಲೆಗಳ ಅನ್ಯಾಯಕ್ಕಾಗಿ ಅಧ್ಯಕ್ಷ ಬೈಡನ್ 2024ರಲ್ಲಿ ಮೂಲನಿವಾಸಿಗಳೆಲ್ಲರ ಕ್ಷಮೆ ಕೇಳಿದರು.

ಕ್ಷಮೆಯಿಂದ ಮಾತು ಮರಳುವುದಿಲ್ಲ. ಶಾಲೆ, ಸಿನಿಮಾಗಳಿಂದಲೂ ಅರ್ಧ ಮಾತ್ರ. ಉಳಿದರ್ಧ ಅಜ್ಜಿಯ ಒಲೆಯ ಪಕ್ಕದಲ್ಲಿದೆ. ಮಗುವಿನ ಮೊದಲ ನಗುವಿಗೆ ಊಟ ಹಾಕಿಸುವ ಜನ, ಅದರ ಮೊದಲ ಮಾತು ಯಾವುದಾಗಬೇಕೆಂದು ಈಗ ತಾವೇ ನಿರ್ಧರಿಸಬೇಕಾಗಿದೆ.