ಶಸ್ತ್ರವೈದ್ಯನ ನೆಲೆ

ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನು ವೈದ್ಯನಾದನೆಂದು ಕೇಳಿದೊಡನೆ ಉಪಾಧ್ಯಾಯರಾದ ನಾವು ಹಿಗ್ಗುತ್ತೇವೆ. ಅವನು ಎಲ್ಲಿ ನೆಲೆನಿಂತನೆಂದು ವಿಚಾರಿಸುವುದಿಲ್ಲ. ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರ ಜೀವನವನ್ನು ನೆನೆದಾಗ ಈ ಕೊರತೆ ನನ್ನನ್ನು ಕಾಡುತ್ತದೆ. 1916ರಲ್ಲಿ ಬೀಳಗಿಯಲ್ಲಿ ಜನಿಸಿ 2005ರಲ್ಲಿ ದಿವಂಗತರಾದ ಆ ನೇತ್ರ ಶಸ್ತ್ರವೈದ್ಯರು ರೋಗಿ ಬರಲೆಂದು ಕಾದು ಕುಳಿತವರಲ್ಲ. ಶಸ್ತ್ರಚಿಕಿತ್ಸೆಯನ್ನೇ ಹಳ್ಳಿಹಳ್ಳಿಗೆ ಒಯ್ದವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಜನರ ಕಣ್ಣಿನ ಪೊರೆ ತೆಗೆದುದು ದಾಖಲೆಯಾಗಿದೆ. ಸುಶ್ರುತ ಸಂಹಿತೆಯು ಈ ವ್ಯಾಧಿಯನ್ನು ಲಿಂಗನಾಶವೆಂದು ಕರೆದು (ಇಲ್ಲಿ ಲಿಂಗವೆಂದರೆ ದೃಷ್ಟಿ) ಅದರ ಶಸ್ತ್ರಕರ್ಮವನ್ನು ವಿವರಿಸಿದೆ. ವಿದ್ಯೆ ಪುರಾತನವೇ, ಅದನ್ನು ಬಡವನ ಬಾಗಿಲಿಗೆ ಮುಟ್ಟಿಸಿದವರು ವಿರಳ.

ಆದರೆ ಕಣ್ಣಿನ ಪೊರೆಯು ಶಿಬಿರದ ದಿನದವರೆಗೆ ಕಾಯಬಲ್ಲುದು. ಕರುಳು ತೊಡಕಿಕೊಂಡವನು, ಕೂಸು ಅಡ್ಡವಾಗಿ ಸಿಲುಕಿದ ಗರ್ಭಿಣಿ ಕಾಯಲಾರರು. ಅಂಥವರನ್ನು ನಡುರಾತ್ರಿ ಬಸವಕಲ್ಯಾಣದಿಂದಲೋ ಹುಮನಾಬಾದಿನಿಂದಲೋ ಕಲಬುರಗಿ, ಸೊಲ್ಲಾಪುರ, ಹೈದರಾಬಾದುಗಳತ್ತ ಹೊತ್ತೊಯ್ದವರು ಈ ಸಂಚಿಕೆಯ ಓದುಗರಲ್ಲಿಯೂ ಇದ್ದಾರು. ಬೀದರದಲ್ಲಿ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯವಾದ ಮೇಲೆ ದಾರಿ ಕಿರಿದಾಗಿದೆ, ನಿಜ. ಆಪತ್ತಿಗೆ ಅದೂ ದೂರವೇ.

ಶಸ್ತ್ರವೈದ್ಯನು ಒಂಟಿಯಾಗಿ ಏನನ್ನೂ ಮಾಡಲಾರನು. ಅರಿವಳಿಕೆ ಕೊಡುವವರು ಬೇಕು, ರಕ್ತ ಬೇಕು, ನುರಿತ ದಾದಿಯರು ಬೇಕು. ಆದುದರಿಂದ ದಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಹೆಸರು ಕೆತ್ತಿಸಿದ ಶಿಲಾಫಲಕಗಳು ಲೋಕದಲ್ಲಿ ಸಾಕಷ್ಟಿವೆ. ಈ ಎರಡು ಊರುಗಳಲ್ಲಿಯೇ ನೆಲೆಸಲು ಒಪ್ಪುವ ನಮ್ಮ ವಿದ್ಯಾರ್ಥಿಯೊಬ್ಬನ ಶಸ್ತ್ರವೈದ್ಯ ವ್ಯಾಸಂಗದ ವೆಚ್ಚವನ್ನು ವಹಿಸಿಕೊಳ್ಳಿರಿ. ಜೊತೆಗೆ ಅರಿವಳಿಕೆ ಶಾಸ್ತ್ರ ಕಲಿಯುವ ಇನ್ನೊಬ್ಬನದನ್ನೂ. ವಿದ್ಯಾರ್ಥಿನಿಯಾದರೆ ಇನ್ನೂ ಲೇಸು. ನಮ್ಮ ಹಳ್ಳಿಯ ಹೆಣ್ಣುಮಗಳು ಆಕೆಯ ಮುಂದಾದರೂ ತನ್ನ ನೋವನ್ನು ಬಾಯಿಬಿಟ್ಟು ಹೇಳಿಕೊಂಡಾಳು.